ಸೊಲ್ಲಾಪುರದಿಂದ ಪೆಡ್ಡರ್ ರೋಡ್: ಫಿಲ್ಮ್ಸ್ ಡಿವಿಜನ್ ಕಂಪೌಂಡ್ ನೋಡಿ ಬರೋದು ಹ್ಯಾಂಗ, ಪೂರ್ತಿ ಮಾಹಿತಿ

ಮನ್ಯಾಗ ಕನ್ನಡ, ಶಾಲ್ಯಾಗ ಮರಾಠಿ, ಟಿವಿಯೊಳಗ ಹಿಂದಿ, ಹಿಂಗ ಬೆಳದವರು ನಾವು ಸೊಲ್ಲಾಪುರ ಅಕ್ಕಲಕೋಟ ಕಡೆಯವರು. ಆ ಟಿವಿಯೊಳಗ ಒಂದ್ ಕಾರ್ಟೂನ್ ಬರ್ತಿತ್ತು ನೆನಪದ ಏನ್ರಿ, ಬ್ಯಾಟಿಗಾರ ಬಲಿ ಹಾಸಿರ್ತಾನ, ಹಕ್ಕಿ ಎಲ್ಲಾ ಕಾಳಿನ ಆಸೆಗೆ ಇಳದು ಸಿಕ್ಕೊಂತಾವ, ಆಮ್ಯಾಲ ಎಲ್ಲಾ ಒಮ್ಮೆಲೆ ರೆಕ್ಕಿ ಬಡದು ಬಲಿ ಸಮೇತ ಹಾರಿ ಹೋಗ್ತಾವ, ಕಡೀಕ ಇಲಿಗೋಳು ಬಂದು ಬಲಿ ಕಡೀತಾವ. ಅದರ ಹೆಸರು ಏಕ್ ಅನೇಕ್ ಔರ್ ಏಕ್ತಾ, 1974ರದ್ದು, ಡೈರೆಕ್ಟರ್ ವಿಜಯಾ ಮುಳೆ, ಅನಿಮೇಷನ್ ಭೀಮಸೇನ್ ಅವರದು. ಈ ಭೀಮಸೇನ್ ಬ್ಯಾರೆ, ನಮ್ಮ ಗದಗದ ಭೀಮಸೇನ ಜೋಶಿ ಬ್ಯಾರೆ ಮತ್ತ, ಇಬ್ರೂ ದೂರದರ್ಶನದಾಗ ಏಕತೆ ಬಗ್ಗೇನೇ ಬರ್ತಿದ್ರು ಅಂತ ನಾ ಸಣ್ಣಾಂವ ಇದ್ದಾಗ ಒಬ್ರೇ ಅಂತ ತಿಳ್ಕೊಂಡಿದ್ದೆ, ಎಂಥಾ ಮನಶಾ ಹಾಡೂ ಹಾಡ್ತಾನ ಚಿತ್ರಾನೂ ಬರೀತಾನ ಅಂತ.

ಆ ಕಾರ್ಟೂನ್ ಮಾಡ್ಸಿದ ಸರ್ಕಾರಿ ಸ್ಟುಡಿಯೋ ಫಿಲ್ಮ್ಸ್ ಡಿವಿಜನ್ ಇರೋದು ಮುಂಬೈ ಪೆಡ್ಡರ್ ರೋಡಿನ್ಯಾಗ. ಅದೇ ಕಂಪೌಂಡಿನೊಳಗ ಈಗ ಸಿನೆಮಾ ಮ್ಯೂಸಿಯಂ ಆಗೇದ, ಯಾರ್ ಬೇಕಾದವ್ರು ಟಿಕೆಟ್ ತಗೊಂಡು ಹೋಗಬಹುದು. ನಾ ಎರಡ್ ಸಲ ಹೋದೆ. ಮೊದಲ್ನೇ ಸಲ ಗೇಟ್ ನೋಡಿ ವಾಪಸ್ ಬಂದೆ, ಯಾಕಂತ ಮುಂದ ಹೇಳ್ತೀನಿ. ಎರಡ್ನೇ ಸಲ ಅಕ್ಕನ ಮಗನ್ನ ಕರ್ಕೊಂಡು ಹೋಗಿ ಇಡೀ ದಿನ ಅಲ್ಲೇ ಕಳದೆ. ಅವನಿಗೆ ಹತ್ತು ವರ್ಷ, ಮೊಬೈಲ್ ಬಿಟ್ಟು ಒಂದು ತಾಸು ಕೂಡೋ ಹುಡುಗ ಅಲ್ಲ. ಅಂವ ಅಲ್ಲಿ ಮೊಬೈಲ್ ಕೇಳ್ಲಿಲ್ಲ, ಆದ್ರ ಅದಕ್ಕ ಕಾರಣ ಮ್ಯೂಸಿಯಂ ಒಂದೇ ಅಲ್ಲ, ಹೋಗೋಕಿಂತ ಮುಂಚೆ ಮನ್ಯಾಗ ನಾವು ಮಾಡಿದ ಒಂದ್ ಕೆಲಸ. ಹಂಗಾಗಿ ಇದರಾಗ ಅರ್ಧಾ ಮನಿ ಕೆಲಸದ್ದೇ ಇರ್ತದ, ಬ್ಯಾಸರ ಮಾಡ್ಕೋಬ್ಯಾಡ್ರಿ.

ಮೊದಲು ಇದು ಏನಂತ ತಿಳ್ಕೊಳ್ರಿ

ರಾಮೋಜಿ ಫಿಲ್ಮ್ ಸಿಟಿ ತರಾ ಅಂತ ತಿಳ್ಕೊಂಡು ಹೋದ್ರ ನಿರಾಸೆ ಆಗ್ತದ. ಜೋಕಾಲಿ ಇಲ್ಲ, ಬಸ್ಸಿನ್ಯಾಗ ಕೂಡ್ಸಿ ಸೆಟ್ ತೋರ್ಸೋದು ಇಲ್ಲ, ಹೀರೋಗೋಳು ಓಡ್ಯಾಡೋದಿಲ್ಲ. ಇದು ಸರ್ಕಾರಿ ಸ್ಟುಡಿಯೋ. ಯುದ್ಧದ ಕಾಲದಾಗ ಬ್ರಿಟಿಷರು ಪ್ರಚಾರಕ್ಕ ಅಂತ ನಡಸ್ತಿದ್ದ ಫಿಲ್ಮ್ ಘಟಕ ಮುಚ್ಚಿದ ಮ್ಯಾಲ, ಸ್ವಾತಂತ್ರ್ಯ ಬಂದು 1948ರಾಗ ಫಿಲ್ಮ್ಸ್ ಡಿವಿಜನ್ ಶುರು ಆತು. ನಮ್ಮ ಮುತ್ಯಾನ ಕಾಲದವ್ರಿಗೆ ಇದು ಭಾಳ ಪರಿಚಯ, ಟಾಕೀಜಿನ್ಯಾಗ ಮೇನ್ ಪಿಕ್ಚರ್ ಬಿಡೋಕಿಂತ ಮೊದಲು ಇವರ ಸಮಾಚಾರ ಚಿತ್ರ ತೋರಿಸ್ಲೇಬೇಕು ಅಂತ ಕಾನೂನು ಇತ್ತು, ಅಣೆಕಟ್ಟು, ಪ್ರವಾಹ, ನೆಹರೂ ಭಾಷಣ, ಕನ್ನಡದಾಗೂ ಬರ್ತಿತ್ತು. ಮುತ್ಯಾ ಹೇಳ್ತಿದ್ದ, ಅದು ಶುರು ಆತಂದ್ರ ಅರ್ಧಾ ಮಂದಿ ಬೀಡಿ ಸೇದ್ಲಿಕ್ಕೆ ಹೊರಗ ಹೋಗಾವ್ರು ಅಂತ.

ಕಾರ್ಟೂನ್ ಯೂನಿಟ್ ಬಂದಿದ್ದು 1956ರಾಗ. ಆಗ ಅಮೆರಿಕಾದಿಂದ ಕ್ಲೇರ್ ವೀಕ್ಸ್ ಅಂತ ಒಬ್ರು ಬಂದ್ರು, ಡಿಸ್ನಿ ಸ್ಟುಡಿಯೋದಾಗ ಬ್ಯಾಂಬಿ ಅಂಥಾ ಪಿಕ್ಚರಿಗೆ ಕೆಲಸ ಮಾಡಿದವ್ರು. ಅವರು ಇಲ್ಲಿ ಹುಡುಗ್ರನ್ನ ಕೂಡ್ಸಿ ಕಲ್ಸಿದ್ರು, ಕಲ್ತವ್ರು 1957ರಾಗ ದಿ ಬ್ಯಾನಿಯನ್ ಡೀರ್ ಅಂತ ಬುದ್ಧನ ಜಾತಕ ಕಥಿ ಮ್ಯಾಲ ಒಂದು ಕಾರ್ಟೂನ್ ಮಾಡಿದ್ರು. ಹಂಗ ಕಲ್ತವ್ರೊಳಗ ಒಬ್ರು ರಾಮ ಮೋಹನ್, 1956ರಾಗ ಸೇರಿದವ್ರು, ಮುಂದ ನಮ್ಮ ದೇಶದ ಅನಿಮೇಷನ್ ಅಂದ್ರ ಇವರೇ ಅನ್ನೋ ಮಟ್ಟಕ್ಕ ಹೋದ್ರು, 2014ರಾಗ ಪದ್ಮಶ್ರೀ ಬಂತು. ಜಪಾನಿನವರ ಜೊತಿ ಕೂಡಿ ಮಾಡಿದ ರಾಮಾಯಣ ಕಾರ್ಟೂನ್ ಅದ ನೋಡ್ರಿ, 1992ರದ್ದು, ಅದರಾಗೂ ಇವರು ಇದ್ರು. ಭೀಮಸೇನ್ ಅವರೂ ಇದೇ ಫಿಲ್ಮ್ಸ್ ಡಿವಿಜನ್‌ನಾಗ ಹಿಂದಿನ ಸೀನರಿ ಬರಿಯೋ ಕೆಲಸದಿಂದ ಶುರು ಮಾಡಿದವ್ರು. ಇಷ್ಟ ಗೊತ್ತಿದ್ರ ಸಾಕು. 2022ರಾಗ ಫಿಲ್ಮ್ಸ್ ಡಿವಿಜನ್ ಎನ್‌ಎಫ್‌ಡಿಸಿ, ಅಂದ್ರ ಸರ್ಕಾರದ ಫಿಲ್ಮ್ ಅಭಿವೃದ್ಧಿ ನಿಗಮದೊಳಗ ವಿಲೀನ ಆಗೇದ, ಹಂಗಾಗಿ ಈಗ ಬೋರ್ಡಿನ ಮ್ಯಾಲ ಎರಡೂ ಹೆಸರು ಕಂಡ್ರ ಗಾಬರಿ ಆಗಬ್ಯಾಡ್ರಿ, ಟ್ಯಾಕ್ಸಿಯವ್ರಿಗೆ ಮಾತ್ರ ಹಳೇ ಹೆಸರೇ ಗೊತ್ತು.

ಹೋಗೋ ಮುಂಚೆ: ಮೂರು ಪಿಕ್ಚರ್ ನೋಡ್ರಿ

ಇದನ್ನ ಬಿಟ್ರ ಉಳದಿದ್ದೆಲ್ಲಾ ದಂಡ. ಯೂಟ್ಯೂಬ್‌ನಾಗ ಏಕ್ ಅನೇಕ್ ಸಿಗ್ತದ, ಬ್ಯಾನಿಯನ್ ಡೀರ್ ಸಿಗ್ತದ, ಮೂರನೇದ್ದು ಪ್ರಮೋದ್ ಪತಿ ಅವರು ಮಾಡಿದ ಎಕ್ಸ್‌ಪ್ಲೋರರ್, 1968ರದ್ದು. ಮೂರನೇದ್ದು ಕಾರ್ಟೂನ್ ಅಲ್ಲ, ಕಥಿನೂ ಇಲ್ಲ, ನಾ ಮೊದಲ್ನೇ ಸಲ ನೋಡಿದಾಗ ಫೋನ್ ಕೆಟ್ಟದೇನೋ ಅಂದ್ಕೊಂಡೆ, ಅಷ್ಟು ಫಾಸ್ಟ್ ಕಟ್ ಆಗ್ತದ. ಆದ್ರ ಸರ್ಕಾರಿ ಆಫೀಸಿನೊಳಗ ಕೂತು 1968ರಾಗ ಇಂಥಾದ್ದು ಮಾಡ್ಲಿಕ್ಕೆ ಒಬ್ಬಾಂವಗ ಬಿಟ್ಟಿದ್ರಲ್ಲ, ಅದೇ ನಂಗ ದೊಡ್ಡ ಆಶ್ಚರ್ಯ. ಮಕ್ಕಳಿಗೆ ಮೊದಲಿನ ಎರಡು ಸಾಕು.

ನೋಡೋದು ಅಂದ್ರ ಸುಮ್ನ ನೋಡೋದಲ್ಲ. ಏಕ್ ಅನೇಕ್ ಹಚ್ಚಿ, ಹಕ್ಕಿ ಬಲಿ ಎತ್ತೋ ಜಾಗಾಕ್ಕ ಬಂದು ಪಾಜ್ ಮಾಡ್ರಿ. ಸೆಟ್ಟಿಂಗಿನ್ಯಾಗ ಸ್ಪೀಡ್ ಕಾಲು ಭಾಗ ಮಾಡಿ ಮತ್ತ ಬಿಡ್ರಿ. ಯಾವದು ಅಲುಗಾಡ್ತದ ಯಾವದು ಸುಮ್ನ ನಿಂತದ ಅಂತ ಮಕ್ಕಳಿಗೆ ಕೇಳ್ರಿ. ಹಿಂದಿನ ಸೀನರಿ ಒಂದೇ ಸಲ ಬರದದ್ದು ಹಂಗೇ ಇರ್ತದ, ಮುಂದಿನ ಗೊಂಬಿ ಅಷ್ಟ ಬದಲಾಗ್ತದ ಅಂತ ಅವೇ ಹೇಳ್ತಾವ. ಇದು ಹೊಳೀತಂದ್ರ ಸೆಲ್ (ಗೊಂಬಿ ಬರಿಯೋ ಪಾರದರ್ಶಕ ಹಾಳಿ) ಅಂದ್ರ ಏನಂತ ಮುಂದ ಯಾರೂ ಹೇಳಿಕೊಡೋದು ಬ್ಯಾಡ.

ಮನ್ಯಾಗ ಒಂದು ಸೆಕೆಂಡ್ ಮಾಡ್ರಿ

ಪಿಕ್ಚರ್ ಅಂದ್ರ ಸೆಕೆಂಡಿಗೆ 24 ಫೋಟೋ. ಕಾರ್ಟೂನ್ ಮಾಡೋವ್ರು ಖರ್ಚು ಉಳಸ್ಲಿಕ್ಕೆ ಒಂದೊಂದು ಚಿತ್ರಾನ ಎರಡೆರಡ ಸಲ ಹೊಡೀತಿದ್ರು, ಅಂದ್ರ ಸೆಕೆಂಡಿಗೆ 12 ಚಿತ್ರ ಸಾಕು. ಲೆಕ್ಕ ಹಾಕ್ರಿ, ನಿಮಿಷಕ್ಕ 720, ಏಳು ನಿಮಿಷದ ಕಾರ್ಟೂನಿಗೆ 5,040. ಈ ಲೆಕ್ಕ ಬಾಯಿಲೇ ಹೇಳಿದ್ರ ಹುಡುಗುರು ಹೂಂ ಅಂತಾವ ಅಷ್ಟ. ಕೈಲೇ 12 ಬರಸ್ರಿ, ಆಗ ನೋಡ್ರಿ.

ಬೇಕಾಗೋ ಸಾಮಾನು: ತೆಳುವಾದ ಬಿಳಿ ಹಾಳಿ ಹದಿನೈದು, ಆಫೀಸಿನ ಎರಡು ತೂತಿನ ಪಂಚಿಂಗ್ ಮಷೀನು, ಒಂದು ಕಟಗಿ ಪಟ್ಟಿ, ಎರಡು ಗಿಡ್ಡ ಪೆನ್ಸಿಲ್ ತುಂಡು. ಎಲ್ಲಾ ಹಾಳಿಗೂ ಒಂದೇ ಕಡೆ ತೂತು ಹೊಡೀರಿ. ಪಟ್ಟಿ ಮ್ಯಾಲ ಅದೇ ಅಂತರಕ್ಕ ಪೆನ್ಸಿಲ್ ತುಂಡು ಗೋಂದು ಹಚ್ಚಿ ನಿಲ್ಲಸ್ರಿ. ಹಾಳಿ ಈ ಗೂಟಕ್ಕ ಸಿಗಸಿದ್ರ ಒಂದ್ ಕೂದಲಷ್ಟೂ ಸರಿಯಂಗಿಲ್ಲ. ಸ್ಟುಡಿಯೋದಾಗೂ ಇದೇ ಪದ್ಧತಿ, ಅವರದು ಕಬ್ಬಿಣದ ಗೂಟ ಅಷ್ಟ. ನಾವು ಮೊದಲು ಇದಿಲ್ಲದೇ ಶುರು ಮಾಡಿದ್ವಿ, ಗುಬ್ಬಿ ಹಾರೋದು ಬಿಟ್ಟು ಜ್ವರ ಬಂದಂಗ ನಡುಗ್ತಿತ್ತು.

ಕೆಳಗಿನ ಚಿತ್ರ ಮ್ಯಾಲಿನ ಹಾಳಿಯೊಳಗ ಕಾಣಬೇಕಲ್ಲ, ಅದಕ್ಕ ಸ್ಟುಡಿಯೋದವ್ರು ಗಾಜಿನ ಕೆಳಗ ದೀಪ ಇಡ್ತಾರ. ನಮಗ ಬೆಳಗಿನ ಕಿಡಕಿ ಸಾಕು. ಪೂರ್ವದ ಕಿಡಕಿ ಗಾಜಿಗೆ ಪಟ್ಟಿ ಟೇಪ್ ಹಚ್ಚಿ ನಿಂತ್ಕೊಂಡೇ ಬರದ್ವಿ. ಮೊದಲು 1, 7, 12ನೇ ಚಿತ್ರ ಬರೀರಿ, ರೆಕ್ಕಿ ಮ್ಯಾಲ, ಕೆಳಗ, ಮತ್ತ ಮ್ಯಾಲ. ಆಮ್ಯಾಲ ನಡುವಿನವು ತುಂಬಸ್ಕೊಂತ ಹೋಗ್ರಿ. ದೊಡ್ಡ ಆರ್ಟಿಸ್ಟ್ ಮುಖ್ಯ ಭಂಗಿ ಬರಿಯೋದು, ಸಹಾಯಕರು ನಡುವಿನವು ತುಂಬೋದು, ಸ್ಟುಡಿಯೋದ ಕೆಲಸ ಹಂಚಿಕೆನೇ ಹಿಂಗ. ನಮ್ಮ ಮನ್ಯಾಗ ಹುಡುಗ ದೊಡ್ಡ ಆರ್ಟಿಸ್ಟ್ ಆಗಿ ಕೂತ, ನಡುವಿನವು ಎಲ್ಲಾ ನನಗ ಬಂದ್ವು. "ಮಾಮಾ, ನಿಮ್ಮ ಗುಬ್ಬಿಗೆ ಹೊಟ್ಟಿ ಭಾಳ ಬಂದದ" ಅಂತ ಎರಡ್ ಹಾಳಿ ಹರದು ಒಗದಾ.

ಹನ್ನೆರಡು ಬರೀಲಿಕ್ಕೆ ನಮಗ ಒಂದು ಮುಂಜಾನಿ ಪೂರ್ತಿ ಹೋತು. ಹೆಬ್ಬಟ್ಟಿಲೇ ಸರ್‍ರ ಅಂತ ಬಿಟ್ರ ಒಂದೇ ಸೆಕೆಂಡ್. ಹುಡುಗ ಐದಾರು ಸಲ ತಿರುವಿ ನೋಡಿ ಕೇಳ್ದ, ಇಷ್ಟ ಏನ್ ಮಾಮಾ ಅಂತ. ಅದೇ ಪ್ರಶ್ನೆ ಹೊಟ್ಯಾಗ ಇಟ್ಕೊಂಡು ಮ್ಯೂಸಿಯಂಗೆ ಹೋಗಬೇಕ್ರಿ.

ಚಿತ್ರಾ ಬರೀಲಿಕ್ಕೆ ಬರಂಗಿಲ್ಲ ಅನ್ನೋವ್ರಿಗೆ ಇನ್ನೊಂದ್ ದಾರಿ ಅದ, ಶೇಂಗಾ. ಕಡಕ ರೊಟ್ಟಿ ಒಂದನ್ನ ನೆಲದ ಮ್ಯಾಲ ಇಡ್ರಿ, ಮ್ಯಾಲ ಒಂದು ಶೇಂಗಾ ಕಾಳು. ಮೊಬೈಲನ್ನ ಎರಡು ಡಬ್ಬಿ ನಡುವ ಅಡ್ಡ ಪಟ್ಟಿ ಇಟ್ಟು ಅದರ ಮ್ಯಾಲ ಕೆಳಮುಖ ಮಾಡಿ ಮಲಗಸ್ರಿ, ಕ್ಯಾಮೆರಾ ಪಟ್ಟಿ ಹೊರಗ ಬರಬೇಕು. ಸ್ಟುಡಿಯೋದ ಕಾರ್ಟೂನ್ ಕ್ಯಾಮೆರಾನೂ ಹಿಂಗ ಮ್ಯಾಲಿಂದ ಕೆಳಗ ನೋಡ್ಕೊಂತ ನಿಂತಿರ್ತದ. ಒಂದು ಫೋಟೋ ಹೊಡೀರಿ, ಕಾಳು ಅರ್ಧ ಬಟ್ಟು ಸರಸ್ರಿ, ಮತ್ತ ಫೋಟೋ. ಫ್ಯಾನ್ ಬಂದ್ ಮಾಡ್ರಿ, ಅದರ ನೆರಳು ರೊಟ್ಟಿ ಮ್ಯಾಲ ತಿರುಗ್ತದ. ಫೋನಿನ್ಯಾಗ ಎಕ್ಸ್‌ಪೋಜರ್ (ಬೆಳಕಿನ ಸೆಟ್ಟಿಂಗ್) ಲಾಕ್ ಮಾಡ್ರಿ, ಇಲ್ಲಂದ್ರ ಒಂದು ಫೋಟೋ ಕಪ್ಪು ಒಂದು ಬೆಳ್ಳಗ ಬಂದು ಪಿಕ್ಚರ್ ಮಿಂಚ್ತದ. ಯಾವದೇ ಫ್ರೀ ಸ್ಟಾಪ್ ಮೋಷನ್ (ಫೋಟೋ ಜೋಡ್ಸಿ ಪಿಕ್ಚರ್ ಮಾಡೋ) ಆಪಿನ್ಯಾಗ ಸೆಕೆಂಡಿಗೆ 12 ಅಂತ ಹಾಕಿದ್ರ ಕಾಳು ರೊಟ್ಟಿ ಮ್ಯಾಲ ನಡೀತದ. ನಾವು 120 ಫೋಟೋ ಹೊಡದ್ವಿ, ಹತ್ತು ಸೆಕೆಂಡ್ ಆತು, ನಡುವ 70ನೇ ಫೋಟೋದಾಗ ನಮ್ಮವ್ವನ ಕೈ ಬಂದದ, ರೊಟ್ಟಿ ಯಾಕ ನೆಲದ ಮ್ಯಾಲ ಇಟ್ಟೀರಿ ಅಂತ ಎತ್ಲಿಕ್ಕೆ ಬಂದಿದ್ಲು.

ಇದೇನ್ ಹುಡುಗಾಟ ಅಂತ ಅನ್ನಬ್ಯಾಡ್ರಿ. ದಾದಾಸಾಹೇಬ ಫಾಳ್ಕೆ ಶುರು ಮಾಡಿದ್ದೇ ಹಿಂಗ. 1912ರಾಗ ವಟಾಣಿ ಕಾಳು ಮೊಳಕಿ ಒಡದು ಬೆಳ್ಯೋದನ್ನ ದಿನಾ ಒಂದೊಂದು ಫ್ರೇಮ್ ಹೊಡ್ಕೊಂತ ಹೋಗಿ ಒಂದು ಪಿಕ್ಚರ್ ಮಾಡಿದ್ರು, ಅದನ್ನ ತೋರಿಸೇ ರೊಕ್ಕ ಹುಟ್ಟಸ್ಕೊಂಡು ರಾಜಾ ಹರಿಶ್ಚಂದ್ರ ಮಾಡಿದ್ರು. 1915ರಾಗ ಕಡ್ಡಿಪೆಟ್ಟಿಗಿ ಕಡ್ಡಿ ಕುಣಿಸಿ ಇನ್ನೊಂದು ಮಾಡಿದ್ರು. ಅವರಿಗೆ ವಟಾಣಿ, ನಮಗ ಶೇಂಗಾ.

ವಾರ ಯಾವದು, ಟ್ರೇನ್ ಯಾವದು

ಸೋಮವಾರ ಹೋಗಬ್ಯಾಡ್ರಿ. ನಾ ಮೊದಲ್ನೇ ಸಲ ಹೋಗಿದ್ದೇ ಸೋಮವಾರ. ಭಾನುವಾರ ರಾತ್ರಿ ಟ್ರೇನಿಗೆ ಹತ್ತಿದ್ರ ಸೂಟಿ ಒಂದೇ ದಿನ ಹೋಗ್ತದ ಅಂತ ಶಾಣ್ಯಾತನ ಮಾಡಿದ್ದೆ. ವಾಚ್‌ಮನ್ ಕಾಕಾ ಗೇಟಿನ ಒಳಗಿಂದನೇ ಕೈ ಆಡ್ಸಿದ್ರು. ಸೋಮವಾರ ಮತ್ತ ಸರ್ಕಾರಿ ಸೂಟಿ ದಿನ ಮ್ಯೂಸಿಯಂ ಬಂದ್, ಉಳದ ದಿನ ಮುಂಜಾನಿ 11ರಿಂದ ಸಂಜಿ 6. ನಾ ಹೋದಾಗ ಟಿಕೆಟ್ 20 ರೂಪಾಯಿ. ಟೈಮು ರೇಟು ಎರಡೂ ಬದಲಾಗೋ ವಸ್ತು, ಹಿಂದಿನ ದಿನ ಒಂದ್ ಸಲ ವೆಬ್‌ಸೈಟ್ ನೋಡಿ ಹೊರಡ್ರಿ, ನನ್ನ ಮಾತಿನ ಮ್ಯಾಲ ಟ್ರೇನ್ ಬುಕ್ ಮಾಡಬ್ಯಾಡ್ರಿ.

ಸೊಲ್ಲಾಪುರದಿಂದ ಸಿದ್ಧೇಶ್ವರ ಎಕ್ಸ್‌ಪ್ರೆಸ್ ಬೆಸ್ಟ್. ರಾತ್ರಿ ಊಟಾ ಮಾಡಿ ಹತ್ತೋದು, ಬೆಳಿಗ್ಗೆ ಮುಂಬೈ. ಅಕ್ಕಲಕೋಟದವ್ರು ಸೊಲ್ಲಾಪುರಕ್ಕ ಬಂದೇ ಹತ್ರಿ, ಅದು ಅಲ್ಲಿಂದನೇ ಹೊರಡೋ ಗಾಡಿ. ಜತ್ತ ಕಡೆಯವ್ರಿಗೆ ಮಿರಜ ಹತ್ರ, ಅಲ್ಲಿಂದ ರಾತ್ರಿ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ ಹಿಡೀರಿ. ವಂದೇ ಭಾರತ್ 2023ರಿಂದ ಅದ, ಚಂದನೂ ಅದ, ಆದ್ರ ಮುಂಜಾನಿ ಬಿಟ್ಟು ಮಧ್ಯಾಹ್ನ ಮುಟ್ತದ, ಮ್ಯೂಸಿಯಂಗೆ ಹೋಗೋದ್ರೊಳಗ ಅರ್ಧಾ ದಿನ ಹೋಗಿರ್ತದ, ಈ ಕೆಲಸಕ್ಕ ಅದು ಬ್ಯಾಡ.

ಇನ್ನೊಂದು, ನಿಮಗ ವಾರ ಹೊಂದಸ್ಕೊಳ್ಳಿಕ್ಕೆ ಬರ್ತದ ಅಂದ್ರ ಮಿಫ್ (ಮುಂಬೈ ಇಂಟರ್‌ನ್ಯಾಷನಲ್ ಫಿಲ್ಮ್ ಫೆಸ್ಟಿವಲ್) ನಡಿಯೋವಾಗ ಹೋಗ್ರಿ. ಡಾಕ್ಯುಮೆಂಟರಿ, ಸಣ್ಣ ಪಿಕ್ಚರ್, ಅನಿಮೇಷನ್ ಈ ಮೂರಕ್ಕೇ ಅಂತ 1990ರಿಂದ ಎರಡು ವರ್ಷಕ್ಕೊಮ್ಮೆ ನಡಿಯೋ ಫೆಸ್ಟಿವಲ್ ಅದು, ಇದೇ ಫಿಲ್ಮ್ಸ್ ಡಿವಿಜನ್ ಕಂಪೌಂಡಿನ್ಯಾಗ ಶೋ ಇರ್ತಾವ. ಮೊದಲೇ ಹೆಸರು ಹಚ್ಚಬೇಕಾಗ್ತದ. ಬರೇ ಮ್ಯೂಸಿಯಂ ನೋಡೋದಕ್ಕೂ, ಆ ಥೇಟರಿನೊಳಗ ಕೂತು ದೊಡ್ಡ ಪರದಾದ ಮ್ಯಾಲ ಅನಿಮೇಷನ್ ನೋಡೋದಕ್ಕೂ ಭಾಳ ಫರಕ್ ಅದ.

ಬೆಳಿಗ್ಗೆ ಏಳರಿಂದ ಹನ್ನೊಂದರ ತನಕಾ ಏನ್ ಮಾಡೋದು

ಮ್ಯೂಸಿಯಂ ತೆಗ್ಯೋದು ಹನ್ನೊಂದಕ್ಕ, ನೀವು ಸಿಎಸ್‌ಎಂಟಿ ಸ್ಟೇಷನ್ನಿಗೆ ಇಳಿಯೋದು ಬೆಳಿಗ್ಗೆ. ವೇಟಿಂಗ್ ರೂಮಿನ್ಯಾಗ ಮಾರಿ ತೊಳ್ಕೊಂಡು ಬ್ಯಾಗ್ ಕ್ಲೋಕ್ ರೂಮಿಗೆ ಹಾಕ್ರಿ. ಬ್ಯಾಗಿಗೆ ಕೀಲಿ ಇರಬೇಕು, ಟ್ರೇನ್ ಟಿಕೆಟ್ ತೋರಿಸ್ಬೇಕು, ಕೀಲಿ ಇಲ್ಲದ ಬ್ಯಾಗ್ ತಗೊಳ್ಳಂಗಿಲ್ಲ, ಹಂಗಾಗಿ ಮನಿಯಿಂದನೇ ಒಂದು ಸಣ್ಣ ಕೀಲಿ ಒಯ್ರಿ.

ಅಲ್ಲಿಂದ ಕಾಳಾ ಘೋಡಾ ಕಡೆ ನಡ್ಕೊಂತ ಹೋಗ್ರಿ. ಎಸ್‌ಪ್ಲನೇಡ್ ಮ್ಯಾನ್ಷನ್ ಅಂತ ಒಂದು ಹಳೇ ಕಬ್ಬಿಣದ ಚೌಕಟ್ಟಿನ ಬಿಲ್ಡಿಂಗ್ ಸಿಗ್ತದ, ಮೊದಲಿನ ಹೆಸರು ವಾಟ್ಸನ್ ಹೋಟೆಲ್. 1896ರ ಜುಲೈ 7ಕ್ಕ ನಮ್ಮ ದೇಶದಾಗ ಮೊಟ್ಟಮೊದಲು ಸಿನೆಮಾ ತೋರಿಸಿದ್ದು ಇಲ್ಲೇ, ಫ್ರಾನ್ಸಿನ ಲೂಮಿಯೇರ್ ಅಣ್ಣತಮ್ಮರ ಕಡೆಯವ್ರು ಆರು ತುಣುಕು ತೋರಿಸಿದ್ರು, ಟಿಕೆಟ್ ಒಂದು ರೂಪಾಯಿ. ಆಗಿನ ಒಂದು ರೂಪಾಯಿ ಅಂದ್ರ ಕೂಲಿಯವ್ರ ಕೈಗೆ ಸಿಗೋ ಆಟ ಅಲ್ಲ. ಬಿಲ್ಡಿಂಗ್ ಈಗ ಭಾಳ ಜೀರ್ಣ ಆಗೇದ, ಒಳಗ ಹೋಗೋ ಸಾಹಸ ಬ್ಯಾಡ, ರಸ್ತೆ ಆಕಡೆ ನಿಂತು ನೋಡ್ರಿ. ನೋಡ್ಲಿಕ್ಕೆ ಏನೂ ಇಲ್ಲ ನಿಜ, ಹುಡುಗ ಎರಡು ನಿಮಿಷಕ್ಕ ಚಹಾದ ಗಾಡಿ ಕಡೆ ಹೋದಾ, ನಾ ಮಾತ್ರ ಸುಮ್ನ ನಿಂತಿದ್ದೆ.

ಅಲ್ಲಿಂದ ಚರ್ಚ್‌ಗೇಟ್ ಹತ್ರ. ಚರ್ಚ್‌ಗೇಟಿನಿಂದ ಸ್ಲೋ ಲೋಕಲ್ ಹತ್ತಿ ಮೂರನೇ ಸ್ಟೇಷನ್ ಗ್ರಾಂಟ್ ರೋಡಿಗೆ ಇಳೀರಿ. ಮುಂಜಾನಿ ಲೋಕಲ್ ಅಂದ ಕೂಡ್ಲೇ ನಮ್ಮೂರವ್ರು ಹೆದರ್ತಾರ, ಆದ್ರ ಮುಂಜಾನಿ ಮಂದಿ ಎಲ್ಲಾ ಚರ್ಚ್‌ಗೇಟ್ ಕಡೆ ಬರ್ತಿರ್ತದ, ನೀವು ಉಲ್ಟಾ ಹೊಂಟೀರಿ, ಕಿಡಕಿ ಸೀಟೇ ಸಿಗಬಹುದು. ಗ್ರಾಂಟ್ ರೋಡ್ ವೆಸ್ಟಿಗೆ ಹೊರಗ ಬಂದು ಟ್ಯಾಕ್ಸಿ ಇಲ್ಲಾ ಬಸ್ ಹಿಡೀರಿ, ಕೆಂಪ್ಸ್ ಕಾರ್ನರ್ ದಾಟಿದ್ರ ಪೆಡ್ಡರ್ ರೋಡ್. ಆಟೋ ಹುಡುಕಬ್ಯಾಡ್ರಿ, ಮುಂಬೈಯ ಈ ಭಾಗದಾಗ ಆಟೋ ಓಡಂಗೇ ಇಲ್ಲ, ಕಪ್ಪು ಹಳದಿ ಟ್ಯಾಕ್ಸಿ ಅಷ್ಟ. ನನ್ನ ಗೆಳೆಯ ಒಬ್ಬಾಂವ ಅರ್ಧ ತಾಸು ಆಟೋ ಸಂಬಂಧ ನಿಂತಿದ್ದನಂತ. ಪೆಡ್ಡರ್ ರೋಡಿನ್ಯಾಗ ಲತಾ ಮಂಗೇಶ್ಕರ್ ಅವರ ಪ್ರಭು ಕುಂಜ್ ಕೂಡ ಅದ, ಹೊರಗಿನಿಂದ ಒಂದ್ ನಮಸ್ಕಾರ ಮಾಡಿ ಮುಂದ ನಡೀರಿ.

ಒಳಗ ಹೋದ ಮ್ಯಾಲ

ಮ್ಯೂಸಿಯಂ ಪೂರ್ತಿ ಹೆಸರು ನ್ಯಾಷನಲ್ ಮ್ಯೂಸಿಯಂ ಆಫ್ ಇಂಡಿಯನ್ ಸಿನೆಮಾ, 2019ರ ಜನವರಿ 19ಕ್ಕ ಉದ್ಘಾಟನೆ ಆಗಿದ್ದು. ಎರಡು ಬಿಲ್ಡಿಂಗ್ ಅವ. ಒಂದು ಗುಲ್ಶನ್ ಮಹಲ್, ಹತ್ತೊಂಬತ್ತನೇ ಶತಮಾನದ ಬಂಗಲೆ. ಇನ್ನೊಂದು ಹೊಸಾದು, ನಾಲ್ಕು ಹಂತ: ಗಾಂಧಿ ಮತ್ತ ಸಿನೆಮಾ, ಮಕ್ಕಳ ಫಿಲ್ಮ್ ಸ್ಟುಡಿಯೋ, ತಂತ್ರಜ್ಞಾನ, ಆಮ್ಯಾಲ ದೇಶದ ಬ್ಯಾರೆ ಬ್ಯಾರೆ ಭಾಷಾದ ಸಿನೆಮಾ. ಒಂದು ಮಾತು ಮೊದಲೇ ಹೇಳಿಬಿಡ್ತೀನಿ, ಟಿಕೆಟ್ ಅಂದ್ರ ಮ್ಯೂಸಿಯಂಗೆ ಅಷ್ಟ, ಅದೇ ಕಂಪೌಂಡಿನ ಆಫೀಸ್ ಬಿಲ್ಡಿಂಗಿನೊಳಗ ನುಗ್ಗಿ ರಾಮ ಮೋಹನ್ ಕೂಡ್ತಿದ್ದ ಟೇಬಲ್ ಎಲ್ಲಿ ಅಂತ ಕೇಳೋದಲ್ಲ. ನಂಗ ಕೇಳೋ ಆಸೆ ಇತ್ತು, ತಡ್ಕೊಂಡೆ.

ಎಲ್ಲಾರೂ ಗುಲ್ಶನ್ ಮಹಲಿಂದ ಶುರು ಮಾಡ್ತಾರ, ಇತಿಹಾಸ ಕ್ರಮವಾಗಿ ಬರ್ತದ ಅಂತ. ಮಕ್ಕಳಿದ್ರ ಹಂಗ ಮಾಡಬ್ಯಾಡ್ರಿ. ಬಾಗಿಲಾ ತಗದ ಕೂಡ್ಲೇ ಸೀದಾ ಹೊಸ ಬಿಲ್ಡಿಂಗಿನ ಮಕ್ಕಳ ಸ್ಟುಡಿಯೋಕ್ಕ ಹೋಗ್ರಿ, ಆಗ ಗದ್ದಲ ಕಡಿಮಿ, ಶಾಲಿ ಟ್ರಿಪ್ಪಿನವು ಬಂದ್ವಂದ್ರ ನಿಮ್ಮ ಪಾಳಿ ಬರೋದ್ರೊಳಗ ಮಧ್ಯಾಹ್ನ ಆಗ್ತದ. ಕ್ಯಾಮೆರಾ, ಲೈಟು, ಹಿಂದ ಹಸರ ಪರದೆ ಇಟ್ಟು ಬ್ಯಾರೆ ಜಾಗಾ ತೋರ್ಸೋ ಕ್ರೋಮಾ, ಕಂಪ್ಯೂಟರಿನ್ಯಾಗ ಮಾರಿಗೆ ವೇಷ ಹಾಕೋದು, ಎಲ್ಲಾ ಅವ. ಮುಖ್ಯ ಸ್ಟಾಪ್ ಮೋಷನ್ ಮಾಡೋ ಜಾಗಾ. ಅಲ್ಲಿ ಬಂದ ಹುಡುಗ್ರು ಗೊಂಬಿನ್ನ ಒಮ್ಮೆಲೆ ಗೇಣುದ್ದ ಸರಸ್ತಿದ್ವು, ಪಿಕ್ಚರಿನ್ಯಾಗ ಅದು ಕುಪ್ಪಳಸ್ತಿತ್ತು. ನಮ್ಮಾಂವ ಅರ್ಧ ಬಟ್ಟು ಲೆಕ್ಕದಾಗ ಸರ್ಸಿದಾ, ತನ್ನ ನೆರಳು ಬೀಳಬಾರದು ಅಂತ ಪ್ರತಿ ಸಲ ಹಿಂದ ಸರದು ನಿಂತಾ. ಶೇಂಗಾದ ಮ್ಯಾಲ ಕಲ್ತ ವಿದ್ಯಾ. ಪಕ್ಕದಾಗ ಒಬ್ರು ಮುಂಬೈ ತಾಯಂದ್ರು ಯಾವ ಕ್ಲಾಸಿಗೆ ಹಾಕೀರಿ ಅಂತ ಮರಾಠಿಯೊಳಗ ಕೇಳಿದ್ರು, ರೊಟ್ಟಿ ಕ್ಲಾಸ್ ಅಂತ ಹೇಳ್ಲಿಕ್ಕೆ ಆಗ್ಲಿಲ್ಲ, ನಕ್ಕು ಸುಮ್ನಾದೆ.

ಇಲ್ಲಿ ಒಂದೂವರೆ ತಾಸು ಕೊಡ್ರಿ. ಗಾಂಧಿ ವಿಭಾಗ ಹತ್ತು ನಿಮಿಷ ಸಾಕು. ತಂತ್ರಜ್ಞಾನದ ವಿಭಾಗದಾಗ ಹಳೇ ಅನಿಮೇಷನ್ ಹ್ಯಾಂಗ ಮಾಡ್ತಿದ್ರು ಅಂತ ತಲಿಯೊಳಗ ಇಟ್ಕೊಂಡು ನೋಡ್ರಿ. ಹಾಳಿ ಮ್ಯಾಲ ಬರದ ಚಿತ್ರಾನ ಸೆಲ್ ಅನ್ನೋ ಪಾರದರ್ಶಕ ಹಾಳಿಗೆ ಇಳಸ್ತಿದ್ರು. ಗೆರಿ ಮುಂದಿನ ಬದಿಗೆ, ಬಣ್ಣ ಹಿಂದಿನ ಬದಿಗೆ. ಯಾಕ ಅಂತ ಹುಡುಗನ್ನ ಕೇಳ್ದೆ, ಸ್ವಲ್ಪ ಹೊತ್ತು ಯೋಚನೆ ಮಾಡಿ ಬಣ್ಣ ಗೆರಿ ದಾಟಿದ್ರೂ ಮುಂದಿನಿಂದ ಗೆರಿ ಮುಚ್ಚಂಗಿಲ್ಲ ಅಂದಾ, ಕರೆಕ್ಟ್. ನಮ್ಮ ತೊಗಲು ಗೊಂಬಿ ಆಟದವ್ರಿಗೂ ಬೆಳಕು ಹಿಂದಿನಿಂದ ಬಂದ್ರ ಬಣ್ಣ ಹ್ಯಾಂಗ ಕಾಣ್ತದ ಅನ್ನೋ ಲೆಕ್ಕ ಗೊತ್ತಿತ್ತು, ಅವರ ಕೈಗೆ ಕ್ಯಾಮೆರಾ ಬರ್ಲಿಲ್ಲ ಅಷ್ಟ. ಆ ಸೆಲ್‌ಗಳನ್ನ ಸೀನರಿ ಮ್ಯಾಲ ಒಂದರ ಮ್ಯಾಲ ಒಂದು ಇಟ್ಟು, ಗಾಜು ಒತ್ತಿ, ಒಂದು ಫ್ರೇಮ್ ಹೊಡದು, ತಗದು, ಮುಂದಿಂದು ಇಟ್ಟು. ದಿನಾ ಇದೇ ಕೆಲಸ. ಯಾವ ಫ್ರೇಮಿಗೆ ಯಾವ ಸೆಲ್ ಅಂತ ಒಂದು ಚೀಟಿ ಇರ್ತದ, ಕಿರಾಣಿ ಅಂಗಡಿ ಖಾತಿ ಪುಸ್ತಕ ಇದ್ದಂಗ, ಅದು ತಪ್ಪಿದ್ರ ಮಾತಾಡೋವಾಗ ಬಾಯಿ ಮುಚ್ಚಿರ್ತದ, ಸುಮ್ನಿದ್ದಾಗ ತಗದಿರ್ತದ.

ನಾಲ್ಕನೇ ಹಂತದಾಗ ಕನ್ನಡ ಹುಡುಕ್ರಿ. ಅಲ್ಲೇ ನಿಂತು ಹುಡುಗುರಿಗೆ ಒಂದ್ ಮಾತು ಹೇಳ್ರಿ, ಇದು ನಮ್ಮ ಗಡಿ ಮಂದಿ ಎದಿ ಉಬ್ಬಸೋ ಮಾತು: ಕನ್ನಡದ ಮೊದಲ ಮಾತಾಡೋ ಪಿಕ್ಚರ್ ಸತಿ ಸುಲೋಚನಾ ಶೂಟಿಂಗ್ ಆಗಿದ್ದು ಬೆಂಗಳೂರಾಗಲ್ಲ, ಮೈಸೂರಾಗಲ್ಲ, ಕೊಲ್ಲಾಪುರದ ಛತ್ರಪತಿ ಸ್ಟುಡಿಯೋದಾಗ. ವೈ. ವಿ. ರಾವ್ ಡೈರೆಕ್ಟರ್, ಆರ್. ನಾಗೇಂದ್ರರಾಯರು ರಾವಣ, ಸುಬ್ಬಯ್ಯ ನಾಯ್ಡು ಇಂದ್ರಜಿತು, ಬೆಂಗಳೂರಾಗ ಬಿಡುಗಡೆ ಆಗಿದ್ದು 1934ರ ಮಾರ್ಚ್ 3ಕ್ಕ. ನೀವು ಮಹಾರಾಷ್ಟ್ರದವ್ರು ನಿಮಗ ಕನ್ನಡ ಸಿನೆಮಾ ಏನ್ ಗೊತ್ತು ಅಂತ ಯಾರಾದ್ರೂ ಅಂದ್ರ ಇದೊಂದು ಸಾಕು.

ನಡುವ ಊಟಾ. ಪೆಡ್ಡರ್ ರೋಡಿನ್ಯಾಗ ನಮ್ಮಂಥವ್ರ ಕಿಸೆಗೆ ಹೊಂದೋ ಹೋಟೆಲ್ ಹುಡುಕೋದ್ರೊಳಗ ಹಸಿವು ಸತ್ತಿರ್ತದ. ರೊಟ್ಟಿ, ಶೇಂಗಾ ಹಿಂಡಿ, ಒಂದು ಉಳ್ಳಾಗಡ್ಡಿ ಕಟ್ಕೊಂಡು ಹೋಗ್ರಿ, ಗ್ಯಾಲರಿಯೊಳಗ ಮಾತ್ರ ಡಬ್ಬಿ ಬಿಚ್ಚಬ್ಯಾಡ್ರಿ.

ಊಟಾ ಆದ ಮ್ಯಾಲ ಗುಲ್ಶನ್ ಮಹಲ್. ಇದು ದೊಡ್ಡವ್ರ ಜಾಗಾ. ಮೂಕಿ ಚಿತ್ರದಿಂದ ಹಿಡದು ಧ್ವನಿ ಬಂದಿದ್ದು, ಸ್ಟುಡಿಯೋಗಳ ಜಮಾನಾ, ಯುದ್ಧ, ಹೊಸ ಅಲೆ ಹಿಂಗ 9 ಭಾಗ. ಎಲ್ಲಾ ಬೋರ್ಡ್ ಓದ್ಲಿಕ್ಕೆ ಹೋದ್ರ ತಲಿ ತಿರಗ್ತದ. ಫಾಳ್ಕೆ ಭಾಗದಾಗ ನಿಲ್ರಿ, ಸ್ಟುಡಿಯೋ ಜಮಾನಾದಾಗ ನಿಲ್ರಿ, ಉಳದದ್ದು ನಡ್ಕೊಂತ ನೋಡ್ರಿ. ಬಂಗಲೆಯ ಕಟಗಿ ಕೆಲಸ, ಕಿಡಕಿ ಬಣ್ಣದ ಗಾಜು ಅದೂ ಒಂದು ಪ್ರದರ್ಶನನೇ. ಫೋಟೋ ಹೊಡ್ಯೋ ಮುಂಚೆ ಅಲ್ಲಿದ್ದವ್ರನ್ನ ಒಂದ್ ಮಾತು ಕೇಳ್ರಿ. ಇಡೀ ಮ್ಯೂಸಿಯಂಗೆ ಕಮ್ಮಿ ಅಂದ್ರ ನಾಲ್ಕು ತಾಸು ಹಿಡೀರಿ.

ಇನ್ನೊಂದು ದಿನ ಇದ್ರ: ಪುಣೆ

ವಾಪಸ್ ಬರೋವಾಗ ಪುಣೆಗೆ ಇಳದ್ರ, ಇಲ್ಲಾ ಬ್ಯಾರೆ ದಿನ ಸೊಲ್ಲಾಪುರದಿಂದ ಮುಂಜಾನಿ ಹುತಾತ್ಮಾ ಎಕ್ಸ್‌ಪ್ರೆಸ್ಸಿಗೆ ಹೋದ್ರ, ಪ್ರಭಾತ್ ಅನ್ನೋ ಹಳೇ ಫಿಲ್ಮ್ ಕಂಪನಿ ಸ್ಟುಡಿಯೋ ನೋಡಬಹುದು. ಪ್ರಭಾತ್ ಹುಟ್ಟಿದ್ದು 1929ರಾಗ ಕೊಲ್ಲಾಪುರದಾಗ, ದಾಮ್ಲೆ, ಫತ್ತೇಲಾಲ್, ಶಾಂತಾರಾಮ್, ಧಾಯ್‌ಬರ್, ಸೀತಾರಾಮಪಂತ ಕುಲಕರ್ಣಿ ಕೂಡಿ ಕಟ್ಟಿದ್ದು, 1933ರಾಗ ಪುಣೆಗೆ ಹೋತು. ಇವರ 1936ರ ಸಂತ ತುಕಾರಾಮ ವೆನಿಸ್ ಫಿಲ್ಮ್ ಫೆಸ್ಟಿವಲ್ ತನಕಾ ಹೋಗಿ ಹೆಸರು ಮಾಡ್ತು. 1934ರಾಗ ರಘುನಾಥ ಕೇಳ್ಕರ್ ಅವರ ಕಡೆಯಿಂದ ಜಂಬೂ ಕಾಕಾ ಅಂತ ಒಂದು ನರಿ ಕಾರ್ಟೂನ್ ಕೂಡ ಮಾಡ್ಸಿದ್ರು, ಅಂದ್ರ ಡಿಸ್ನಿಯವ್ರು ಬಂದು ಕಲ್ಸೋಕಿಂತ ಇಪ್ಪತ್ತು ವರ್ಷ ಮೊದಲೇ ನಮ್ಮ ಕಡೆ ಈ ಹುಚ್ಚು ಇತ್ತು.

ಆ ಸ್ಟುಡಿಯೋ ಜಾಗಾದಾಗೇ 1960ರಿಂದ ಫಿಲ್ಮ್ ಇನ್ಸ್ಟಿಟ್ಯೂಟ್ ಅದ, ಲಾ ಕಾಲೇಜ್ ರೋಡಿಗೆ. ಹಳೇ ಶೂಟಿಂಗ್ ಶೆಡ್ ಅವ, ಪ್ರಭಾತ್ ಮ್ಯೂಸಿಯಂ ಅದ. ಆದ್ರ ಅದು ಹುಡುಗುರು ಕಲಿಯೋ ಕ್ಯಾಂಪಸ್, ಮನಸ್ಸಿಗೆ ಬಂದಾಗ ಹೋಗೋ ಗಾರ್ಡನ್ ಅಲ್ಲ. ಎರಡು ವಾರ ಮುಂಚೆನೇ ಇಮೇಲ್ ಮಾಡಿ, ಎಷ್ಟು ಮಂದಿ, ಯಾವ ದಿನ, ಯಾಕ ಅಂತ ನಾಲ್ಕು ಸಾಲು ಬರದು ಪರ್ಮಿಷನ್ ಕೇಳ್ರಿ, ಉತ್ತರ ಬಂದ ಮ್ಯಾಲನೇ ಟಿಕೆಟ್ ತಗಸ್ರಿ, ಆಧಾರ್ ಕಾರ್ಡ್ ಒಯ್ರಿ. ಹೋಗೋ ಮುಂಚೆ ಸಂತ ತುಕಾರಾಮ ನೋಡ್ರಿ, ಕಡೀಕ ಗರುಡ ವಿಮಾನ ಮ್ಯಾಲ ಏರೋ ಸೀನ್ ಎರಡ್ ಸಲ ನೋಡ್ರಿ, ಕಂಪ್ಯೂಟರ್ ಇಲ್ಲದ ಕಾಲದಾಗ ಅದನ್ನ ಮಾಡಿದವ್ರ ಜಾಗಾದಾಗ ನೀವು ನಿಂತಿರ್ತೀರಿ. ನಮ್ಮವ್ವ ಈ ಪಿಕ್ಚರ್ ಹತ್ತು ಸಲ ನೋಡ್ಯಾಳ, ಅದು ಟ್ರಿಕ್ಕು ಅಂತ ನಾ ಬಿಡಿಸಿ ಹೇಳಿದ್ದಕ್ಕ ಎರಡು ದಿನ ನನ್ನ ಜೊತಿ ಮಾತಾಡ್ಲಿಲ್ಲ, ನಿಮ್ಮ ಮನ್ಯಾಗ ನೋಡ್ಕೊಂಡು ಹೇಳ್ರಿ.

ವಾಪಸ್

ಮ್ಯೂಸಿಯಂ ಬಿಟ್ಟು ಸಂಜಿ ಗಿರಗಾಂವ ಚೌಪಾಟಿಗೆ ಹೋಗಿ ಕೂಡ್ರಿ, ರಾತ್ರಿ ಸಿದ್ಧೇಶ್ವರಕ್ಕ ಇನ್ನೂ ಟೈಮ್ ಇರ್ತದ. ಸಂಜಿ ಮಾತ್ರ ಚರ್ಚ್‌ಗೇಟಿನಿಂದ ಹೊರಗ ಹೋಗೋ ಲೋಕಲ್ ಹತ್ರ ಸುಳಿಯಬ್ಯಾಡ್ರಿ, ಮುಂಜಾನಿ ಖಾಲಿ ಇದ್ದ ದಾರಿ ಈಗ ತುಂಬಿರ್ತದ. ಸಿಎಸ್‌ಎಂಟಿಗೆ ಟ್ಯಾಕ್ಸಿನೇ ಮಾಡ್ರಿ. ಕ್ಲೋಕ್ ರೂಮ್ ಚೀಟಿ ಕಳಕೋಬ್ಯಾಡ್ರಿ, ಗಾಡಿ ಬಿಡೋಕಿಂತ ಒಂದು ತಾಸು ಮೊದಲು ಬ್ಯಾಗ್ ಬಿಡಸ್ಕೊಳ್ರಿ.

ಮಕ್ಕಳು ಮ್ಯೂಸಿಯಂನಾಗ ಏನ್ ನೋಡಿದ್ವು ಅನ್ನೋದು ಎರಡು ದಿನಕ್ಕ ಮರೀತದ, ಹಂಗಾಗಿ ಮನಿಗೆ ಬಂದ ಕೂಡ್ಲೇ ಇನ್ನೊಂದು ಸೆಕೆಂಡ್ ಮಾಡ್ಸ್ರಿ. ನಮ್ಮಾಂವ ಬಂದ ಮರುದಿನ ಶೇಂಗಾ ಪಿಕ್ಚರ್ ಮತ್ತೊಮ್ಮೆ ಮೊದಲಿಂದ ಮಾಡಿದಾ, ಈ ಸಲ 240 ಫೋಟೋ, ಕಾಳು ಬಂದು ರೊಟ್ಟಿ ನಡುವಿನ ತೂತಿನೊಳಗ ಬಿದ್ದು ಮಾಯ ಆಗ್ತದ. ಟಿವಿಗೆ ಹಚ್ಚಿ ಎಲ್ಲಾರನ್ನೂ ಕೂಡ್ಸಿದಾ. ನಮ್ಮವ್ವ ಚಷ್ಮಾ ಹಾಕ್ಕೊಂಡು ಪೂರ್ತಿ ನೋಡಿ ಕೇಳಿದ್ಲು, "ಆ ಕಾಳು ಹುರದದ್ದೋ ಹಸಿದೋ?" ಹಸೀದ ಆಯಿ ಅಂತ ಅಂವ ಅಂದ. "ಹುರದಿದ್ರ ಚಂದ ಕಾಣ್ತಿತ್ತು" ಅಂದ್ಲು, ಅಂವ ಎದ್ದು ಅಡಗಿ ಮನಿಗೆ ಹೋದಾ.